ಹುಳಕ್ಕೆ ಜ್ವರ, ನಮಗೆ ಬೆಟ್ಟ

ಆ ಶನಿವಾರ ಭಾನುವಾರ ನಾವು ಸಾವನದುರ್ಗಕ್ಕೆ ಹೋಗಿದ್ದು ಮಕ್ಕಳಿಗೆ ಬೆಟ್ಟ ತೋರಿಸೋಕೆ ಅಂತ ನನ್ನ ಮಗ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುಳ್ಳು. ಮನೆಯಲ್ಲಿ ಯಾರು ಉಳಿಯಬೇಕು ಅಂತ ನನಗೂ ನನ್ನ ಸೊಸೆಗೂ ಜಗಳ ಬಿತ್ತು. ಇಬ್ಬರೂ ಸೋತೆವು. ಅದಕ್ಕೇ ಇಬ್ಬರೂ ಹೋದೆವು. ನಡೆದದ್ದು ಇಷ್ಟೆ.

ಆದರೆ ಈ ಜಗಳ ಯಾಕೆ ಬಿತ್ತು ಅಂತ ಹೇಳಬೇಕಾದರೆ ನಾನು ಹುಟ್ಟಿದ ಮನೆಯಿಂದಲೇ ಶುರು ಮಾಡಬೇಕು. ಆ ಮನೆ ಇದ್ದದ್ದು ಅದೇ ಸಾವನದುರ್ಗದ ಬುಡದಲ್ಲಿ, ಮಾಗಡಿ ಕಡೆಗೆ. ಬೆಟ್ಟ ಮೂಡಲಿಗೆ ಅಡ್ಡ ನಿಂತಿದ್ದರಿಂದ ಚಳಿಗಾಲದಲ್ಲಿ ಒಂಬತ್ತು ಗಂಟೆಯಾದರೂ ನಮ್ಮ ಅಂಗಳಕ್ಕೆ ಬಿಸಿಲು ಇಳಿಯುತ್ತಿರಲಿಲ್ಲ. ಕೆರೆಯಾಚೆ ಊರಿನವರು ಬಿಸಿಲು ಕಾಯಿಸಿಕೊಂಡು ಎದ್ದು ಕೆಲಸಕ್ಕೆ ಹೋಗಿರುತ್ತಿದ್ದರು, ನಾವು ಇನ್ನೂ ಕಂಬಳಿ ಹೊದ್ದುಕೊಂಡೇ ಹಲ್ಲು ಉಜ್ಜುತ್ತಿದ್ದೆವು. ಮಣ್ಣಿನ ಗೋಡೆ, ನಾಡಹೆಂಚು, ಒಂದು ನಡುಮನೆ, ಒಂದು ಅಡಿಗೆಮನೆ, ಒಂದು ಜಗಲಿ. ನಡುಮನೆ ಹೆಸರಿಗೆ ನಮ್ಮದು, ಇದ್ದದ್ದು ಹುಳದ್ದು. ಗೋಡೆಯಿಂದ ಗೋಡೆಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಇರುವೆ ಹತ್ತದ ಹಾಗೆ ಕಾಲಿನ ಕೆಳಗೆ ನೀರಿನ ಬಟ್ಟಲು, ತಟ್ಟೆ ತುಂಬ ರೇಷ್ಮೆ ಹುಳ. ನಾವು ಮಲಗುತ್ತಿದ್ದದ್ದು ಜಗಲಿಯಲ್ಲಿ. ಹುಳ ಮನೆಯೊಳಗಿದ್ದಷ್ಟು ದಿನ ಒಳಗೆ ಒಗ್ಗರಣೆ ಹಾಕೋ ಹಾಗಿರಲಿಲ್ಲ, ಮೆಣಸಿನಕಾಯಿ ಘಾಟು ಹುಳಕ್ಕೆ ಆಗಲ್ಲ. ಅವ್ವ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡುತ್ತಿದ್ದಳು. ಅಪ್ಪ ಬೀಡಿ ಸೇದಬೇಕಾದರೆ ಹುಣಸೆ ಮರ ದಾಟಿ ಹೋಗಬೇಕು, ವಾಪಸು ಬಂದರೆ ಬಾಯಿ ಮುಕ್ಕಳಿಸಿ ಕೈ ತೊಳೆದು ಹೊಸ್ತಿಲಲ್ಲಿ ನಿಲ್ಲಬೇಕು. ಅವ್ವ ಅವನ ಬೆರಳು ಹಿಡಿದು ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಊರಲ್ಲಿ ಅಷ್ಟು ದೊಡ್ಡ ಬಾಯಿ ಇದ್ದ ನಮ್ಮಪ್ಪ ಅಲ್ಲಿ ಮಾತ್ರ ಸ್ಕೂಲ್ ಹುಡುಗನ ಹಾಗೆ ಕೈ ಚಾಚಿಕೊಂಡು ನಿಲ್ಲುತ್ತಿದ್ದ. ನೆಂಟರು ಬಂದರೆ ಕಾಫಿ ಹೊಸ್ತಿಲಾಚೆಗೇ. ಅವ್ವ ಅಪ್ಪ ಜಗಳ ಆಡುತ್ತಿದ್ದದ್ದೂ ಹುಳಕ್ಕೆ ಹಾಕೋ ಹಿಪ್ಪುನೇರಳೆ ಸೊಪ್ಪಿನ ಮೇಲೇ. ಸೊಪ್ಪು ಒದ್ದೆಯಾಗಿದೆ, ಸೊಪ್ಪು ಬಾಡಿದೆ, ಸೊಪ್ಪು ದಪ್ಪ ಹೆಚ್ಚಿದ್ದೀಯ. ಬೇರೆ ವಿಷಯಕ್ಕೆ ಅವರು ಜಗಳ ಆಡಿದ್ದು ನನಗೆ ನೆನಪಿಲ್ಲ. ಪುರುಸೊತ್ತು ಇರಲಿಲ್ಲ.

ಹುಳ ಸಾಕದೆ ಇರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ರೇಷ್ಮೆ ಹುಳ ಮರಿಯಿಂದ ದೊಡ್ಡದಾಗೋ ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವಾಗ ತಿನ್ನೋದು ನಿಲ್ಲಿಸಿ, ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಇದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಮುಟ್ಟಬಾರದು, ಸುಮ್ಮನೆ ಬಿಡಬೇಕು. ಮೊದಲ ಮೂರು ಜ್ವರ ಕಣ್ಣು ಮುಚ್ಚಿ ತೆರೆಯೋದರೊಳಗೆ ಮುಗಿಯುತ್ತವೆ. ನಾಲ್ಕನೆಯದು ಉದ್ದ, ಒಂದೂವರೆ ದಿನ, ಚಳಿ ಜಾಸ್ತಿ ಇದ್ದರೆ ಎರಡು ದಿನ. ಅದರಿಂದ ಎದ್ದ ಮೇಲೆ ಒಂದು ವಾರ ರಾಕ್ಷಸರ ಹಾಗೆ ತಿನ್ನುತ್ತವೆ, ಮನೆಯವರಿಗೆ ಕೂರೋಕೆ ಬಿಡುವುದಿಲ್ಲ. ಹಾಗಾಗಿ ನಮ್ಮ ಮನೆಗೆ ರಜ ಅಂದರೆ ನಾಲ್ಕನೇ ಜ್ವರ. ಸ್ಕೂಲಿನ ಭಾನುವಾರಕ್ಕೂ ನಮಗೂ ಸಂಬಂಧ ಇರಲಿಲ್ಲ. ಕ್ಷೌರ, ಆಸ್ಪತ್ರೆ, ಸಂತೆ, ನೆಂಟರ ಮನೆ ಸಾವಿಗೆ ಹೋಗಿ ಮುಖ ತೋರಿಸೋದು, ಎಲ್ಲ ಆ ದಿನಕ್ಕೇ. ನನ್ನನ್ನು ನೋಡೋಕೆ ಗಂಡಿನವರು ಬಂದದ್ದೂ ಜ್ವರದ ದಿನವೇ. ಅವರೂ ಹುಳ ಸಾಕೋರೇ ಆದ್ದರಿಂದ ಇಬ್ಬರ ಮನೆ ಜ್ವರವೂ ಕೂಡಿ ಬರಲಿ ಅಂತ ಎರಡು ತಿಂಗಳು ಕಾದಿದ್ದರು. ಜಾತಕ ಯಾರೂ ಕೇಳಲಿಲ್ಲ.

ಬೇರೆ ಕೆಲಸ ಇಲ್ಲದ ಜ್ವರದ ದಿನ ಅಪ್ಪ ನನ್ನನ್ನೂ ನನ್ನ ತಮ್ಮ ತಿಮ್ಮನನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದ. ಅವನ ಮಟ್ಟಿಗೆ ಅದು ಮೇಕೆ ಮೇಯುವ ಜಾಗ, ಆದರೂ ಮಕ್ಕಳ ಜೊತೆ ಹೋಗುವಾಗ ಸೀಟಿ ಹೊಡೆಯುತ್ತಿದ್ದ. ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅವ್ವ ಮಾತ್ರ ಬರುತ್ತಿರಲಿಲ್ಲ. ಇಲಿ ಬರುತ್ತೆ, ಹಲ್ಲಿ ಬರುತ್ತೆ, ಹುಳ ಬೇಗ ಎದ್ದುಬಿಟ್ಟರೆ ಯಾರು ನೋಡುತ್ತಾರೆ, ಎದ್ದ ಹುಳವನ್ನು ಒಂದು ಗಳಿಗೆಯೂ ಕಾಯಿಸಬಾರದು ಅನ್ನುತ್ತಿದ್ದಳು. ನಾವು ಬೀದಿ ತಿರುಗುವ ತನಕ ಸೆರಗು ಹೊದ್ದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಮನೆ ಮುಂದೆ ಇರೋ ಬೆಟ್ಟ, ಒಂದು ಸಲವೂ ಹತ್ತಿಲ್ಲ ಪಾಪ ಅಂತ ನನಗೆ ಸಂಕಟ.

ನನಗೆ ಎಂಟೋ ಒಂಬತ್ತೋ. ಒಂದು ಸಲ ಅರ್ಧ ದಾರಿಯಲ್ಲಿ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಅಪ್ಪ ಕೀಳುತ್ತೇನೆ ಅಂದ. ನಾನು ಕೊಡಲಿಲ್ಲ. ಅವ್ವನ ಹತ್ತಿರ ಕೀಳಿಸಿಕೊಂಡು ಅವಳ ಜೊತೆಗೇ ಇರುತ್ತೇನೆ, ಅವಳೊಬ್ಬಳೇ ಇದ್ದಾಳೆ ಅಂತ ಹಟ ಮಾಡಿ ಕುಂಟಿಕೊಂಡು ವಾಪಸು ಬಂದೆ. ನೋಡಿದರೆ ಬಾಗಿಲಿಗೆ ಒಳಗಿಂದ ಚಿಲಕ. ಹಗಲು ಹೊತ್ತು ನಮ್ಮ ಮನೆ ಬಾಗಿಲಿಗೆ ಚಿಲಕ ಹಾಕಿದ್ದು ನಾನು ಅಲ್ಲಿಯ ತನಕ ಕಂಡಿರಲಿಲ್ಲ. ಹಿಂದುಗಡೆ ಹೋಗಿ ಅಡಿಗೆಮನೆಯ ಕಿಂಡಿಯಲ್ಲಿ ಇಣುಕಿದೆ. ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಕೂದಲು ಬಿಚ್ಚಿ ನೆಲದ ಮೇಲೆ ಹರಡಿಕೊಂಡು, ಅಂಗಾತ ಮಲಗಿದ್ದಳು. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಅವಳ ಹೊಟ್ಟೆ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಹುರಿದ ಕಡಲೆಕಾಯಿ, ಒಂದು ಅಚ್ಚು ಬೆಲ್ಲ. ಮಲಗಿಕೊಂಡೇ ಒಂದೊಂದಾಗಿ ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ನಮಗೆ ಹಾಗೆ ಮಲಗಿ ತಿಂದರೆ ಬೆನ್ನಿಗೆ ಬೀಳುತ್ತಿತ್ತು. ನಾನು ಅವ್ವಾ ಅಂದೆ. ಎದ್ದು ಬಂದು ಬಾಗಿಲು ತೆಗೆದವಳ ಮುಖ ನೋಡಬೇಕಿತ್ತು. ಹೊಸ್ತಿಲಲ್ಲಿ ಕೂರಿಸಿ ಪಿನ್ನಿನಿಂದ ಮುಳ್ಳು ತೆಗೆದಳು, ಗಾಯಕ್ಕೆ ಅರಿಶಿನ ಒತ್ತಿದಳು, ಬಾಯಿಗೆ ಬೆಲ್ಲ ಇಟ್ಟಳು. ನಾನು ಒಳಗೆ ಕಾಲಿಡೋಕೆ ಹೋದೆ. ಕೈ ಅಡ್ಡ ಹಿಡಿದಳು.

"ವರ್ಸಕ್ಕೆ ನಾಕೈದು ದಿನ ಈ ಮನೆ ನಂದಾಯ್ತದೆ ಕಣವ್ವ. ಅದುನ್ನೂ ಕಿತ್ಕಬ್ಯಾಡ. ಹೋಗು, ನಿಮ್ಮಪ್ಪ ಇನ್ನೂ ಬಂಡೆ ತಾವೇ ಅವ್ನೆ."

ಅಳುತ್ತಲೇ ಬೆಟ್ಟಕ್ಕೆ ಹೋದೆ. ಆದರೆ ಬಂಡೆ ತಲುಪೋ ಹೊತ್ತಿಗೆ ಅಳು ನಿಂತಿತ್ತು. ಬಾಯಲ್ಲಿ ಬೆಲ್ಲ ಇತ್ತಲ್ಲ. ನಾಲ್ಕನೇ ಕ್ಲಾಸಿನ ತನಕ ನಾನು ಸ್ಕೂಲಿನಲ್ಲಿ ಏನೇನು ಕಲಿತೆನೋ ಮರೆತಿದ್ದೇನೆ. ಇದೊಂದು ಮರೆತಿಲ್ಲ. ಅವ್ವ ಕೇಳದಿದ್ದರೂ ಅವಳಿಗೆ ಮಾತು ಕೊಟ್ಟವಳ ಹಾಗೆ ಯಾರಿಗೂ ಹೇಳಲಿಲ್ಲ. ಮದುವೆಯಾಗಿ ಕೈಲಾಂಚ ಕಡೆಗೆ ಬಂದೆ, ಇಲ್ಲೂ ಹುಳ, ಇಲ್ಲೂ ಜ್ವರ. ಅತ್ತೆ ಇರುವ ತನಕ ಮನೆ ಕಾಯೋದು ಅವರದ್ದು, ಅವರೂ ಬಿಟ್ಟುಕೊಡಲಿಲ್ಲ. ಅವರು ಹೋದ ಮೇಲೆ ನನ್ನದಾಯಿತು. ಗಂಡ ಮಕ್ಕಳನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತಿದ್ದರು, ನಾನು ಸೆರಗು ಹೊದ್ದು ಬಾಗಿಲಲ್ಲಿ ನಿಲ್ಲುತ್ತಿದ್ದೆ, ಆಮೇಲೆ ಚಿಲಕ. ಪಾಪ ನಮ್ಮವ್ವ, ಒಂದು ದಿನ ಹೊರಗೆ ಹೋದವಳಲ್ಲ ಅಂತ ನನ್ನ ಮಗ ಮಂಜು ಇವತ್ತಿಗೂ ಊರೆಲ್ಲ ಹೇಳುತ್ತಾನೆ. ನಾನು ಬೇಡ ಅಂದಿಲ್ಲ.

ಇನ್ನು ಈ ಚಳಿಗಾಲದ ವಿಷಯ. ಮಂಜುಗೆ ಇಬ್ಬರು ಮಕ್ಕಳು. ಹರ್ಷಿತಾಗೆ ಏಳು, ಯಶುಗೆ ನಾಲ್ಕು. ಹರ್ಷಿತಾ ಸ್ಕೂಲಿನಲ್ಲಿ ಯಾರೋ ಮಗು ಊಟಿ ನೋಡಿ ಬಂದಿತ್ತಂತೆ. ಇವಳು ಬಂದು ನಾವು ಯಾವ ಬೆಟ್ಟ ನೋಡಿದ್ದೀವಿ ಅಂತ ಕೇಳಿದಳು. ಬಾಗಿಲು ತೆಗೆದರೆ ನಾಲ್ಕು ದಿಕ್ಕಿಗೂ ಬೆಟ್ಟ ಇರೋ ಊರಲ್ಲಿ ಹುಟ್ಟಿ ಇವಳು ಕೇಳಿದ್ದು ಅದು. ಮಂಜುಗೆ ಅವಮಾನ ಆಯಿತು. ಈ ಬೆಳೆಯ ನಾಲ್ಕನೇ ಜ್ವರ ಶುಕ್ರವಾರ ಸಂಜೆಗೆ ಕೂರುತ್ತದೆ, ಶನಿವಾರ ಭಾನುವಾರ ಸ್ಕೂಲೂ ಇಲ್ಲ, ಮಂಚನಬೆಲೆ ಡ್ಯಾಮಿನ ನೀರು ನೋಡಿಕೊಂಡು ತಿಮ್ಮಮಾವನ ಮನೆಯಲ್ಲಿ ಉಳಿದು ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿ ಬರೋಣ ಅಂದ. ನನಗೆ ಒಳಗೊಳಗೇ ಖುಷಿ. ಎರಡು ದಿನ ಮನೆ ಖಾಲಿ. ಇಂಥದ್ದು ನನ್ನ ಹಣೆಯಲ್ಲಿ ಯಾವತ್ತೂ ಬರೆದಿರಲಿಲ್ಲ. ನಾನು ನಿಧಾನಕ್ಕೆ, ನೀವೆಲ್ಲ ಹೋಗಿ ಬನ್ನಿ, ನಾನು ಹುಳ ನೋಡಿಕೊಳ್ಳುತ್ತೇನೆ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಒಲೆ ಮುಂದೆ ಇದ್ದ ಸೊಸೆ ಸವಿತಾ ತಿರುಗಿ ನೋಡದೆ ಹೇಳಿದಳು.

"ನೀವು ಹೋಗ್ಬುಟ್ಟು ಬನ್ನಿ ಅತ್ತೆ. ನಿಮ್ಮ ತವರು ಅಲ್ವಾ. ನಾನು ಇರ್ತೀನಿ."

ಸವಿತಾ ಒಳ್ಳೆಯವಳೇ. ಆದರೆ ಅಷ್ಟು ಒಳ್ಳೆಯವಳಲ್ಲ. ನಾನು ಎದ್ದು ಹೋಗಿ ಅಡಿಗೆಮನೆ ಅಟ್ಟ ನೋಡಿದೆ. ಹಿಟ್ಟಿನ ಡಬ್ಬದ ಹಿಂದೆ ಒಂದು ಹೊಸ ಕೊಬ್ಬರಿ ಎಣ್ಣೆ ಬಾಟಲು, ಒಂದು ಪೊಟ್ಟಣ ನಿಪ್ಪಟ್ಟು, ಮಕ್ಕಳ ಕಣ್ಣಿಗೆ ಬೀಳದ ಹಾಗೆ. ನನಗೆ ಎಲ್ಲ ಗೊತ್ತಾಯಿತು. ಬಾಗಿಲು ತೆಗೆದಾಗಿನ ನಮ್ಮವ್ವನ ಮುಖ ಎದುರಿಗೆ ಬಂತು. ಆದರೂ ಬಿಟ್ಟುಕೊಡೋ ಮನಸ್ಸು ಬರಲಿಲ್ಲ. ವಯಸ್ಸಾದವಳು ನಾನು, ಇನ್ನೆಷ್ಟು ಜ್ವರ ನೋಡುತ್ತೇನೋ. ನನಗೆ ಮಂಡಿನೋವು ಅಂದೆ. ಕಾರಿನಲ್ಲಿ ತಾನೆ ಹೋಗೋದು ಅಂದಳು. ಚಿಕ್ಕ ಮಕ್ಕಳು, ತಾಯಿ ಇಲ್ಲದಿದ್ದರೆ ಅಳುತ್ತವೆ ಅಂದೆ. ಯಶು ಮಲಗೋದು ನಿಮ್ಮ ಮಗ್ಗುಲಲ್ಲೇ ಅತ್ತೆ, ನನ್ನ ಮಗ್ಗುಲಲ್ಲಲ್ಲ ಅಂದಳು. ಅದೂ ನಿಜವೇ. ಮೂರು ದಿನ ಇದೇ ನಡೆಯಿತು. ಹೊರಗಿನವರು ಕೇಳಿದರೆ ಅತ್ತೆಗೆ ಸೊಸೆ ಮೇಲೆ, ಸೊಸೆಗೆ ಅತ್ತೆ ಮೇಲೆ ಎಂಥ ಪ್ರೀತಿ ಅನ್ನಬೇಕು, ಹಾಗಿತ್ತು. ಮಂಜು ಹಾಗೇ ಅಂದುಕೊಂಡ. ಗುರುವಾರ ಊಟಕ್ಕೆ ಕೂತಾಗ ಅವನ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಇಬ್ಬರೂ ಇಷ್ಟು ತ್ಯಾಗ ಮಾಡೋದು ಬೇಡ, ಪಕ್ಕದ ಮನೆ ನಿಂಗಮ್ಮನಿಗೆ ಬೀಗದ ಕೈ ಕೊಟ್ಟಿದ್ದೇನೆ, ಎರಡು ಸಲ ಬಂದು ನೋಡಿಕೊಳ್ಳುತ್ತಾಳೆ, ಇಬ್ಬರೂ ಬನ್ನಿ ಅಂದ. ನಾನು ಸವಿತಾನ ನೋಡಿದೆ, ಅವಳು ನನ್ನ ನೋಡಿದಳು.

ಹೊರಡುವ ಮುಂಚೆ ಇನ್ನೊಂದು ಮಾತಾಯಿತು. ಇದು ನಿಜವಾದ ಜಗಳ, ಬೆಳೆಯ ಜಗಳ. ಶುಕ್ರವಾರ ಸಂಜೆ ಹುಳ ಕೂತವು. ತಟ್ಟೆ ಈಗಿಲ್ಲ, ಹುಳದ ಮನೆಯೇ ಬೇರೆ ಕಟ್ಟಿಸಿದ್ದೇವೆ, ಇಟ್ಟಿಗೆ ಗೋಡೆ, ಕಬ್ಬಿಣದ ಸ್ಟ್ಯಾಂಡು, ಚಳಿಗೆ ಹೀಟರು. ಹುಳದ ಹಾಸಿಗೆ ಒಣಗಲಿ ಅಂತ ಸುಣ್ಣದ ಪುಡಿ ಉದುರಿಸಿ ನಾನು ಹೇಳಿದೆ, ಈ ಚಳಿಗೆ ಎರಡು ದಿನ ಗ್ಯಾರಂಟಿ, ಭಾನುವಾರ ಸಂಜೆಗೆ ಮುಂಚೆ ಏಳಲ್ಲ. ಸವಿತಾ ಇಲ್ಲ ಅತ್ತೆ, ಭಾನುವಾರ ಬೆಳಿಗ್ಗೆಗೇ ಎದ್ದೇಳುತ್ತವೆ ಅಂದಳು. ನಾನು ಹುಟ್ಟಿದಾಗಿನಿಂದ ಹುಳದ ಜೊತೆ ಮಲಗಿದವಳು, ನೀನು ನನಗೆ ಹೇಳಿಕೊಡಬೇಡ ಅಂದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ, ನಮ್ಮವ್ವನ ಮನೆಯಿಂದ ಬಂದದ್ದು. ಜ್ವರದಿಂದ ಎದ್ದ ಹುಳಕ್ಕೆ ಮೊದಲ ಸೊಪ್ಪು ಹಾಕೋದು ಮನೆಯ ದೊಡ್ಡ ಹೆಂಗಸು. ಯಾವಾಗ ಎದ್ದವು, ಯಾವಾಗ ಹಾಕಬೇಕು ಅನ್ನೋದು ಅವಳ ಮಾತು. ಆ ಮಾತು ನನ್ನದು ಅಂತ ಅವಳಿಗೆ ಚೆನ್ನಾಗಿ ಗೊತ್ತಾಗಲಿ ಅಂತಲೇ ಹಾಗೆ ಗದರಿದೆ.

ಶನಿವಾರ ಮಂಜು ಊರಿನ ಗೆಳೆಯನ ಕಾರು ಕೇಳಿ ತಂದ. ರಾಮನಗರ ದಾಟೋ ಅಷ್ಟರಲ್ಲಿ ಯಶು ಎರಡು ಸಲ ವಾಂತಿ ಮಾಡಿದ, ಒಂದು ಸಲ ಕಿಟಕಿಯಾಚೆ, ಒಂದು ಸಲ ನನ್ನ ಮೇಲೆ. ಮಂಚನಬೆಲೆಯಲ್ಲಿ ಮಂಜು ಏರಿ ಮೇಲೆ ನಿಂತು ನೋಡಿ ಮಕ್ಕಳೇ ನೋಡಿ ಅಂತ ಕೈ ತೋರಿಸಿದ. ಹರ್ಷಿತಾ ನೀರಿಗಿಂತ ಜೋಳ ಸುಡುವವನ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದಳು. ನನಗೂ ಅದೇ ಸರಿ ಅನ್ನಿಸಿತು. ನಮ್ಮ ಹಳೆ ಮನೆ ಈಗಿಲ್ಲ. ಅದೇ ಜಾಗದಲ್ಲಿ ತಿಮ್ಮ ತಾರಸಿ ಮನೆ ಕಟ್ಟಿದ್ದಾನೆ, ಹುಳ ಬಿಟ್ಟು ಹಸು ಕಟ್ಟಿದ್ದಾನೆ. ಅವರೆಕಾಯಿ ಕಾಲ. ಅಂಗಳದಲ್ಲಿ ಒಂದು ರಾಶಿ ಸುರಿದುಕೊಂಡು ಎಲ್ಲರೂ ಕೂತು ಬಿಡಿಸಿದೆವು. ನೆನೆಸಿದ ಕಾಳನ್ನು ಹಿತುಕಿದರೆ ಒಳಗಿನ ಬೇಳೆ ಹಾರಿ ಹೋಗುತ್ತದಲ್ಲ, ಮಕ್ಕಳಿಬ್ಬರೂ ತಿಮ್ಮನ ಬೋಳು ತಲೆಗೆ ಗುರಿಯಿಟ್ಟು ಹಾರಿಸಿದರು. ಅವನು ತಲೆ ಬಗ್ಗಿಸಿಯೇ ಕೊಟ್ಟ. ಹಿತಕಿದವರೆ ಸಾರು, ಮುದ್ದೆ. ಊಟಕ್ಕೆ ಕೂತ ಜಾಗ ಸರಿಯಾಗಿ ನಮ್ಮ ನಡುಮನೆ ಇದ್ದ ಜಾಗ. ತಿಮ್ಮ ಹೇಳಿದ, ನಮ್ಮವ್ವ ಒಂದು ಸಲವೂ ಬೆಟ್ಟ ಹತ್ತಲಿಲ್ಲ ಅಲ್ವಾ ಅಕ್ಕ, ಪಾಪ. ಅರವತ್ತು ದಾಟಿದ ಗಂಡಸು, ಇನ್ನೂ ಗೊತ್ತಾಗಿಲ್ಲ. ನಾನು ಹೌದು ಕಣಪ್ಪ ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಇಬ್ಬನಿ ಆರೋ ಮುಂಚೆ ಹೊರಟೆವು. ಈ ಬೆಟ್ಟ ಒಂದೇ ಬಂಡೆ. ಬೋಳು ಕಲ್ಲು, ಅಂಚು ಹಿಡಿದು ಹತ್ತುತ್ತ ಹೋಗಬೇಕು. ಬೆಂಗಳೂರಿನ ಹುಡುಗ ಹುಡುಗಿಯರು ಬೂಟು ಹಾಕಿಕೊಂಡು ಏದುಸಿರು ಬಿಡುತ್ತಿದ್ದರು. ನಾನು ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬರಿಗಾಲಿಗೆ ಈ ಕಲ್ಲು ಗೊತ್ತು, ಮಂಡಿಗೆ ಮಾತ್ರ ಮರೆತುಹೋಗಿತ್ತು. ಅರ್ಧಕ್ಕೆ ಒಂದು ಅಗಲವಾದ ಹಾಸುಗಲ್ಲು ಸಿಗುತ್ತದೆ. ಅಪ್ಪ ನಮಗೆ ರೊಟ್ಟಿ ಬಿಚ್ಚುತ್ತಿದ್ದ ಜಾಗ. ಅಲ್ಲಿಗೆ ನನ್ನದು ಮುಗಿಯಿತು, ಯಶುನದೂ ಮುಗಿಯಿತು. ತಮಾಷೆ ಏನೆಂದರೆ ಮಂಜುನದೂ ಮುಗಿಯಿತು. ಬೆಟ್ಟ ಬೆಟ್ಟ ಅಂತ ಒಂದು ವಾರ ಕುಣಿದವನು ಕೆಳಗೆ ನೋಡಿ ತಲೆ ಸುತ್ತುತ್ತೆ ಅಂತ ಟವಲು ಮುಖಕ್ಕೆ ಹೊದ್ದು ಮಲಗಿಬಿಟ್ಟ. ಹರ್ಷಿತಾ ಅಪ್ಪನನ್ನು ಎಬ್ಬಿಸಿ ನೋಡಿದಳು, ಏಳಲಿಲ್ಲ. ಸವಿತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾ ಮಗಳೆ ನಾವು ಹೋಗನ ಅಂದಳು. ಆಗ ಅವಳಿಗೆ ಒಂದು ಫೋನು ಬಂತು. ದೂರ ಹೋಗಿ ಎರಡು ಮಾತಾಡಿ ಇಟ್ಟಳು. ಯಾರು ಅಂದೆ. ಯಾರೋ ರಾಂಗ್ ನಂಬರ್ ಅತ್ತೆ ಅಂದು ಮಗಳ ಕೈ ಹಿಡಿದು ಹತ್ತಿಯೇಬಿಟ್ಟಳು, ಹಿಂದೆ ನೋಡಲಿಲ್ಲ.

ಅವರಿಬ್ಬರೂ ಮೇಲಿನ ಬಂಡೆ ಮರೆಗೆ ಹೋದ ಸ್ವಲ್ಪ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ನಿಂಗಮ್ಮ. ಕಿರುಚಿ ಮಾತಾಡೋದು ಅವಳ ಅಭ್ಯಾಸ, ಫೋನು ಇಲ್ಲದೆಯೂ ಕೇಳಿಸುತ್ತಿತ್ತೇನೋ.

"ಹುಳ ಎದ್ಬುಟ್ಟವೆ ಕಣಕ್ಕ. ಪೊರೆ ಬುಟ್ಟು ಓಡಾಡ್ತಾ ಅವೆ. ನಾನೇ ಒಸಿ ಸೊಪ್ಪು ಹಾಕ್ಬುಡ್ಲಾ?"

ಎಲ್ಲಾ ಎದ್ದವಾ ಅಂತ ಕೇಳಿದೆ. ಅರ್ಧಕ್ಕರ್ಧ ಅಂದಳು. ಹಾಕಬೇಡ ಅಂದೆ. ಅರ್ಧ ಎದ್ದಾಗ ಹಾಕಿದರೆ ಎದ್ದವು ತಿಂದು ಮುಂದಕ್ಕೆ ಹೋಗುತ್ತವೆ, ಏಳದವು ಹಿಂದೆ ಬೀಳುತ್ತವೆ, ಬೆಳೆ ಏರುಪೇರಾಗುತ್ತದೆ. ಇದು ಹುಳ ಸಾಕುವ ಎಲ್ಲರಿಗೂ ಗೊತ್ತಿರೋ ಮಾತು. ಆದರೆ ಎಲ್ಲಾ ಎದ್ದ ಮೇಲೆ ತಡ ಮಾಡಿದರೂ ಕಷ್ಟ. ಈಗಲೇ ಎಲ್ಲರನ್ನೂ ಕೂಗಿ ಇಳಿಸಿದರೆ ಮಧ್ಯಾಹ್ನ ಆಗೋ ಅಷ್ಟರಲ್ಲಿ ಮನೆ. ಬಿಟ್ಟರೆ ಇನ್ನೆರಡು ಗಂಟೆ ತಡ. ಒಂದೂವರೆ ತಿಂಗಳ ಸೊಪ್ಪು, ಇಷ್ಟು ದಿನದ ಕೆಲಸ, ಎಲ್ಲ ಆ ಎರಡು ಗಂಟೆಯ ಮೇಲೆ ನಿಂತ ಹಾಗೆ ನನಗೆ ಅನ್ನಿಸಿತು. ನಮ್ಮವ್ವ ಆಗಿದ್ದರೆ ಉರುಳಿಕೊಂಡಾದರೂ ಇಳಿಯುತ್ತಿದ್ದಳು. ಇಲ್ಲ, ನಮ್ಮವ್ವ ಇಲ್ಲಿಗೆ ಬಂದೇ ಇರುತ್ತಿರಲಿಲ್ಲ.

ಮೇಲೆ ನೋಡಿದೆ. ಬಂಡೆಯ ಮೇಲೆ ಒಂದು ಹಸಿರು ಸೀರೆ, ಒಂದು ಕೆಂಪು ಸ್ವೆಟರು, ಇರುವೆಯಷ್ಟು. ಕೆಳಗೆ ನೋಡಿದೆ. ಬೆಳಗಿನ ಮುಸುಕು ಹರಿದು ನಮ್ಮ ಹಳೆ ಮನೆ ಇದ್ದ ಜಾಗ ಕಾಣುತ್ತಿತ್ತು, ತಿಮ್ಮನ ತಾರಸಿ, ನೀರಿನ ಟ್ಯಾಂಕು. ಇಷ್ಟು ಹತ್ತಿರ. ಎಂಟು ವರ್ಷದ ಹುಡುಗಿ ಮುಳ್ಳು ಚುಚ್ಚಿದ ಕಾಲಲ್ಲಿ ಇಳಿದು ವಾಪಸು ಹತ್ತಿ ಬಂದ ದೂರ. ಹುಳ ನೆಪ, ನಮ್ಮವ್ವ ಬರಬಹುದಿತ್ತು. ಬೆಳಿಗ್ಗೆ ಹತ್ತಿ ಊಟದ ಹೊತ್ತಿಗೆ ಇಳಿದುಹೋಗಿದ್ದರೆ ಹುಳ ಒಂದೂ ಸಾಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಅವಳಿಗೆ ಬೆಟ್ಟ ಬೇಕಿರಲಿಲ್ಲ. ಆದರೆ ಈ ಹಸಿರು ಸೀರೆಗೆ ಈಗ ಬೇಕಾಗಿದೆ. ಮನೆಯಂತೂ ಕಿತ್ತುಕೊಂಡೆವು, ಇದನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯೋದು ಏನು. ನಾನು ಫೋನಿನಲ್ಲಿ ಹೇಳಿದೆ.

"ಬಾಗ್ಲು ಹಾಕ್ಕೊಂಡು ನಿನ್ನ ಕೆಲ್ಸ ನೋಡ್ಕೊ ನಿಂಗಿ. ನಾವು ಬಂದು ಹಾಕ್ತೀವಿ. ಸವಿತಂಗೆ ಮಾತ್ರ ಫೋನ್ ಮಾಡ್ಬ್ಯಾಡ."

ಆ ಕಡೆ ನಿಂಗಮ್ಮ ಯಾಕೋ ನಗುತ್ತಿದ್ದಳು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ನಾನು ಫೋನು ಸೊಂಟಕ್ಕೆ ಸಿಕ್ಕಿಸಿ, ತಿಮ್ಮನ ಹೆಂಡತಿ ಕಟ್ಟಿಕೊಟ್ಟಿದ್ದ ರೊಟ್ಟಿ ಬಿಚ್ಚಿದೆ. ಯಶು ತನ್ನ ಚನ್ನಪಟ್ಟಣದ ಮರದ ಕಾರನ್ನು ಬಂಡೆ ಮೇಲೆ ಓಡಿಸಿದ. ಅದು ಓಡುತ್ತಲೇ ಹೋಯಿತು, ಕೆಳಗೆ ಕುರುಚಲಿಗೆ ಬಿದ್ದು ಕಾಣದಾಯಿತು. ಅವನು ಅಳೋಕೆ ಬಾಯಿ ತೆಗೆದ, ನಾನು ರೊಟ್ಟಿ ತುರುಕಿದೆ. ಎರಡು ಗಂಟೆ ಅಲ್ಲೇ ಕೂತಿದ್ದೆ. ಮಗ ಗೊರಕೆ ಹೊಡೆಯುತ್ತಿದ್ದ, ಮೊಮ್ಮಗ ನನ್ನ ತೊಡೆ ಮೇಲೆ ನಿದ್ದೆ ಹೋದ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಬಿಸಿಲು ಹೊಟ್ಟೆ ಮೇಲೆ ಬಿತ್ತು. ಒಂದು ಲೆಕ್ಕಕ್ಕೆ ನನ್ನ ರಜ ನನಗೆ ಸಿಕ್ಕಿತು ಅಂತಲೇ ಹೇಳಬೇಕು. ಹುಳದ ನೆನಪು ಬಂದಾಗೆಲ್ಲ ಮಾತ್ರ ಫೋನು ತೆಗೆದು ಗಂಟೆ ನೋಡುತ್ತಿದ್ದೆ.

ಸವಿತಾ ಇಳಿದು ಬಂದಳು. ಮುಖ ಕೆಂಪಾಗಿತ್ತು, ಕೂದಲು ಬಿಚ್ಚಿಹೋಗಿತ್ತು. ಹರ್ಷಿತಾ ಮೇಲೆ ಕಲ್ಲಿನ ಬಸವ ಇದೆ, ಮೋಡ ನಮ್ಮ ಕಾಲ ಕೆಳಗೆ ಇತ್ತು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದಳು. ಸವಿತಾ ನನ್ನ ಪಕ್ಕದಲ್ಲಿ ಕೂತು ನೀರು ಕುಡಿದಳು. ಮುಚ್ಚಿಡೋದು ನನಗೆ ಬರೋದಿಲ್ಲ. ಹುಳ ಎದ್ದವಂತೆ, ನಿಂಗಿ ಫೋನ್ ಮಾಡಿದ್ದಳು ಅಂದೆ. ಅವಳು ಬಾಟಲಿನ ಮುಚ್ಚಳ ತಿರುಗಿಸಿ ನಿಧಾನವಾಗಿ ಹಾಕಿದಳು.

"ಗೊತ್ತು ಅತ್ತೆ. ನಿಂಗಕ್ಕ ನಂಗೇ ಮೊದ್ಲು ಮಾಡಿದ್ದು. ಅತ್ತೆಗೆ ಹೇಳ್ಬ್ಯಾಡ ಅಂತ ನಾನೇ ಅಂದಿದ್ದೆ. ನಿಮ್ಗೆ ಗೊತ್ತಾದ್ರೆ ಎಲ್ರುನೂ ಇಳಿಸ್ಬುಡ್ತೀರಿ ಅಂತ."

ರಾಂಗ್ ನಂಬರ್ ಅಂದೆಯಲ್ಲ ಅಂದೆ. ಹೂಂ ಅಂದಳು. ನಾನು ಅವಳನ್ನು ನೋಡಿದೆ. ಒಂಬತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ್ದೇವೆ, ಇವಳಿಗೆ ಸುಳ್ಳು ಹೇಳೋಕೆ ಇಷ್ಟು ಚೆನ್ನಾಗಿ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಮೊದಲು ನಾನು ನಕ್ಕೆ. ಆಮೇಲೆ ಅವಳು. ಮಂಜು ಟವಲು ತೆಗೆದು ಎದ್ದು ಕೂತು, ಹುಳ ಎದ್ದಿವೆ ಅಂತ ಗೊತ್ತಿದ್ದೂ ಇಬ್ಬರೂ ನಗುತ್ತಾ ಕೂತಿದ್ದೀರಲ್ಲ, ಬೆಳೆ ಹೋದರೆ ಏನು ಗತಿ ಅಂತ ಒದರಾಡಿದ. ನೀನು ತಲೆ ಸುತ್ತು ಬಿಡಿಸಿಕೊಂಡು ಮಗನನ್ನು ಎತ್ತಿಕೊ ಅಂದೆ. ಇಳಿಯುವಾಗ ಅವನು ಮುಂದೆ ಹೋದ ಮೇಲೆ ಸವಿತಾನ ಕೇಳಿದೆ, ಮನೆಯಲ್ಲಿ ಉಳಿದು ಏನು ಮಾಡಬೇಕು ಅಂತಿದ್ದೆ ಅಂತ. ಅವಳು ಕಾಲು ನೋಡಿಕೊಂಡು ಇಳಿಯುತ್ತಲೇ ಹೇಳಿದಳು.

"ಏನೂ ಇಲ್ಲ ಅತ್ತೆ. ಬಾಗ್ಲು ಹಾಕ್ಕೊಂಡು ಸುಮ್ಕೆ ಬಿದ್ಕೊಬೇಕು ಅಂತಿದ್ದೆ."

ಅಲ್ಲಿಗೆ ನಮ್ಮವ್ವನ ಕಥೆ ಅವಳಿಗೆ ಹೇಳಿದೆ. ಮುಳ್ಳು, ಕಿಂಡಿ, ಕಡಲೆಕಾಯಿ, ಎಲ್ಲ. ಇಷ್ಟು ವರ್ಷಕ್ಕೆ ಮೊದಲ ಸಲ ಇನ್ನೊಬ್ಬರಿಗೆ ಹೇಳಿದ್ದು. ಅವ್ವ ಸತ್ತು ಎಷ್ಟೋ ಕಾಲ ಆಯಿತು, ಮಾತು ಮುರಿದರೆ ತಪ್ಪಿಲ್ಲ. ನಾನೂ ಅದನ್ನೇ ಮಾಡಿಕೊಂಡು ಬಂದದ್ದು ಅಂತಲೂ ಹೇಳಿದೆ. ಗೊತ್ತು ಅತ್ತೆ ಅಂದಳು. ಹೇಗೆ ಅಂದೆ. ನಾವು ವಾಪಸು ಬಂದಾಗೆಲ್ಲ ಬಚ್ಚಲಲ್ಲಿ ಕಡಲೆಕಾಯಿ ಸಿಪ್ಪೆ ಇರುತ್ತೆ ಅಂದಳು. ಗುಡಿಸೋದರಲ್ಲಿ ನಾನು ಯಾವತ್ತೂ ಸ್ವಲ್ಪ ಸೋಮಾರಿ.

ಮನೆ ತಲುಪಿದಾಗ ಎರಡು ಗಂಟೆ ದಾಟಿತ್ತು. ಯಾರೂ ಬಟ್ಟೆ ಬದಲಿಸಲಿಲ್ಲ, ಕೈಕಾಲು ತೊಳೆದು ನೇರ ಹುಳದ ಮನೆಗೆ. ಬಾಗಿಲು ತೆಗೆದರೆ ಒಳಗೆ ಬೆಚ್ಚಗೆ. ಹೀಟರು ಉರಿಯುತ್ತಿತ್ತು, ನಾನೇ ಹಾಕಿಸಿದ್ದು. ಆಗ ನನಗೆ ನನ್ನ ತಪ್ಪು ಕಾಣಿಸಿತು. ನಾನು ಎರಡು ದಿನ ಅಂತ ಎಣಿಸಿದ್ದು ನಮ್ಮವ್ವನ ಮನೆ ಚಳಿಯಲ್ಲಿ. ಹೆಂಚಿನ ಸಂದಿಯಿಂದ ಗಾಳಿ ಬರುತ್ತಿದ್ದ ಮನೆ, ಒಂಬತ್ತು ಗಂಟೆ ತನಕ ಬಿಸಿಲು ಕಾಣದ ಮನೆ. ಅದು ಬಿದ್ದು ಇಪ್ಪತ್ತು ವರ್ಷವಾಯಿತು, ನನ್ನ ತಲೆಯೊಳಗೆ ಮಾತ್ರ ಇನ್ನೂ ನಿಂತಿತ್ತು. ಸವಿತಾ ಎಣಿಸಿದ್ದು ಈ ಮನೆಯಲ್ಲಿ. ಸ್ಟ್ಯಾಂಡಿನ ಹತ್ತಿರ ಬಗ್ಗಿ ನೋಡಿದೆವು. ಎಲ್ಲೋ ಒಂದೊಂದು ಇನ್ನೂ ಪೊರೆ ಎಳೆಯುತ್ತಿತ್ತು, ಮಿಕ್ಕವೆಲ್ಲ ಎದ್ದು ಸುಕ್ಕು ಮೈಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಸತ್ತದ್ದು ಇಲ್ಲ, ಬಾಡಿದ್ದು ಇಲ್ಲ. ಇನ್ನೂ ತಡ ಮಾಡಿದ್ದರೆ ಕೆಟ್ಟಿರುತ್ತಿತ್ತು, ಮುಂಚೆ ಹಾಕಿದ್ದರೂ ಕೆಟ್ಟಿರುತ್ತಿತ್ತು. ಮಂಜು ನಮ್ಮ ಅದೃಷ್ಟ ಅಂದ. ಅಂದುಕೊಳ್ಳಲಿ. ಅವನು ಕಡ್ಡಿ ಸಮೇತ ಕೊಯ್ದ ಸೊಪ್ಪಿನ ಹೊರೆ ತಂದು ಹಾಕಿದಾಗ ಮೊದಲ ಕಡ್ಡಿ ಎತ್ತಿ ಎಂದಿನ ಹಾಗೆ ನನ್ನ ಕೈಗೆ ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ.

"ಲೆಕ್ಕ ಅವಳ್ದು ಸರಿ ಇತ್ತು. ಅವಳ ಕೈಗೆ ಕೊಡು."

ಸವಿತಾ ಒಂದು ಸಲ ನನ್ನ ಮುಖ ನೋಡಿ ಸೊಪ್ಪು ಹಾಕಿದಳು. ಹುಳ ಮುತ್ತಿಕೊಂಡವು. ನಾನು ಆಚೆ ಬಂದು ವಾಂತಿಯಾದ ಸೀರೆ ನೆನೆಹಾಕಿದೆ. ನಿಂಗಮ್ಮ ಅಷ್ಟರಲ್ಲಿ ಅತ್ತೆ ಸೊಸೆಯ ಫೋನಿನ ಕಥೆಯನ್ನು ಡೇರಿ ತನಕ ಹಂಚಿ ಬಂದಿದ್ದಳು.

ಮಾರನೇ ದಿನ ಬೆಳಿಗ್ಗೆ ಆರು ಗಂಟೆ ಸೊಪ್ಪನ್ನು ನಾನೂ ಮಂಜುವೂ ಹಾಕಿದೆವು. ಮುಂದಿನದು ಹನ್ನೆರಡಕ್ಕೆ. ಮಕ್ಕಳು ಸ್ಕೂಲ್ ವ್ಯಾನು ಹತ್ತಿದರು. ನಾನು ಒಳಗೆ ಹೋಗಿ ಒಂದು ಬಟ್ಟಲು ಕಡಲೆಕಾಯಿ ಹುರಿದೆ, ಒಂದು ಅಚ್ಚು ಬೆಲ್ಲದ ಜೊತೆ ಅಡಿಗೆಮನೆ ಕಟ್ಟೆ ಮೇಲೆ ಇಟ್ಟೆ, ಅಟ್ಟದಿಂದ ಆ ಎಣ್ಣೆ ಬಾಟಲು ಇಳಿಸಿ ಪಕ್ಕದಲ್ಲಿಟ್ಟೆ. ಆಮೇಲೆ ದವಡೆ ಹಿಡಿದುಕೊಂಡು ಹಲ್ಲು ನೋವು, ರಾಮನಗರಕ್ಕೆ ಹೋಗಬೇಕು, ಒಬ್ಬಳೇ ಹೋಗೋಕೆ ಆಗಲ್ಲ ಅಂತ ಮಂಜುಗೆ ಹೇಳಿದೆ. ನನಗೆ ಆ ಕಡೆ ಹಲ್ಲೇ ಇಲ್ಲ, ಅದು ಅವನಿಗೆ ಹೊಳೆಯಲಿಲ್ಲ. ಹನ್ನೆರಡರೊಳಗೆ ಬರುತ್ತೇವೆ, ಅದಕ್ಕೆ ಮುಂಚೆ ಬರೋದಿಲ್ಲ ಅಂತ ಸವಿತಾಗೆ ಹೇಳಿದೆ. ಮುಂದಿನ ಬೆಳೆಯ ಜ್ವರ ನನ್ನದು ಅಂತಲೂ ಮುಖಕ್ಕೆ ಹೇಳಿಯೇ ಹೊರಟೆ. ಅವಳು ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ನಾವು ಬೀದಿ ತಿರುಗೋಕೆ ಮುಂಚೆಯೇ ಹಿಂದೆ ಚಿಲಕ ಬಿದ್ದ ಸದ್ದು ಕೇಳಿಸಿತು.